ಗ್ರಾಹಕರ ವಿಳಾಸವನ್ನು ಗ್ರೂಪಿನಲ್ಲಿ ಹಾಕಿದ್ದೇನೆ, ನೋಟಿಸ್ ಬಂದಿದೆ: ಅನುಭವವಿದ್ದವರು ತಿಳಿಸಿ

ಇಳಕಲ್‌ನಿಂದ, ಪ್ರಶ್ನೆ:

ನಾನು ಮನೆಯಿಂದಲೇ ವಾಟ್ಸ್ಆ್ಯಪ್ ಮೂಲಕ ಇಳಕಲ್ ಸೀರೆ ಮಾರುತ್ತೇನೆ. ಹೋದ ತಿಂಗಳು ಪುಣೆಯ ಗ್ರಾಹಕರೊಬ್ಬರು ಕ್ಯಾಶ್ ಆನ್ ಡೆಲಿವರಿಯಲ್ಲಿ ತರಿಸಿಕೊಂಡ ಎರಡು ಸೀರೆಗಳನ್ನು ಬಾಗಿಲಲ್ಲೇ ಬೇಡವೆಂದು ವಾಪಸ್ ಕಳಿಸಿದ್ದರಿಂದ, ಹೋಗುವ ಬರುವ ಕೊರಿಯರ್ ಖರ್ಚೆಲ್ಲ ನನ್ನ ಮೇಲೆಯೇ ಬಿತ್ತು. ಆ ಸಿಟ್ಟಿನಲ್ಲಿ ಅವರ ಹೆಸರು, ಫೋನ್ ನಂಬರ್, ಮನೆ ವಿಳಾಸವಿದ್ದ ಸ್ಕ್ರೀನ್‌ಶಾಟನ್ನು ಮಾರಾಟಗಾರರ ಗ್ರೂಪಿಗೆ ಹಾಕಿ, ‘ಮೋಸಗಾರ್ತಿ, ಯಾರೂ ಮಾಲು ಕಳಿಸಬೇಡಿ’ ಎಂದು ಬರೆದೆ. ಈಗ ಅವರ ವಕೀಲರಿಂದ ನೋಟಿಸ್ ಬಂದಿದೆ. ಮುಂದೇನಾಗಬಹುದು?

ಶಿರಸಿಯಿಂದ:

ಅಕ್ಕಾ, ನಾನು ಅಪ್ಪೆಮಿಡಿ ಉಪ್ಪಿನಕಾಯಿ ಮಾರುವವಳು. ನಾನು ಸಿಟ್ಟಿನಿಂದಲ್ಲ, ಸಂತೋಷದಿಂದಲೇ ಇಂಥದೇ ತಪ್ಪು ಮಾಡಿದ್ದೆ. ಒಂದೇ ದಿನ ಹದಿನೆಂಟು ಪಾರ್ಸೆಲ್ ಸಿದ್ಧವಾದಾಗ ಅವನ್ನು ಜಗಲಿಯ ಮೇಲೆ ಸಾಲಾಗಿಟ್ಟು, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆ. ಸಂಜೆ ಒಬ್ಬ ಗ್ರಾಹಕಿ ಅಳುತ್ತಾ ಫೋನ್ ಮಾಡಿದರು. ಗಂಡನ ಹಿಂಸೆ ತಾಳಲಾರದೆ ಮನೆ ಬಿಟ್ಟು ಬೇರೆ ಊರಿನಲ್ಲಿದ್ದ ಅವರ ಹೊಸ ವಿಳಾಸ, ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿದರೆ ಪಿನ್‌ಕೋಡ್ ಸಮೇತ ಓದಲು ಬರುತ್ತಿತ್ತು. ಅವರು ಕೇಸು ಹಾಕಲಿಲ್ಲ, ಆದರೆ ಮತ್ತೆ ಮನೆ ಬದಲಾಯಿಸಬೇಕಾಯಿತು. ಅಂದಿನಿಂದ ಚೀಟಿ ಅಂಟಿಸುವ ಮೊದಲೇ ಫೋಟೊ ತೆಗೆಯುತ್ತೇನೆ.

ಧಾರವಾಡದಿಂದ, ವಕೀಲ:

ಶಿರಸಿಯವರು ಹೇಳಿದ್ದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ, ಏಕೆಂದರೆ ಕಾನೂನು ನೋಡುವುದೂ ಅದನ್ನೇ: ವಿಳಾಸವನ್ನು ಕೊಟ್ಟದ್ದು ಸೀರೆ ತಲುಪಿಸುವುದಕ್ಕೆ ಮಾತ್ರ.

ನಿಮ್ಮ ಮೇಲೆ ಮೂರು ದಾರಿಯಿಂದ ದೂರು ಬರಬಹುದು. ಹೆಚ್ಚು ಸಾಧ್ಯತೆ ಇರುವುದು ಗ್ರಾಹಕ ಆಯೋಗದ್ದು. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಬೇರೆಯವರಿಗೆ ತಿಳಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಂ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಇದೇ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದಾದ್ದರಿಂದ, ನೀವು ಇಳಕಲ್‌ನಲ್ಲಿದ್ದರೂ ಉತ್ತರ ಕೊಡಬೇಕಾದದ್ದು ಪುಣೆಯಲ್ಲಿ.

ಎರಡನೆಯದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಂ. ಒಪ್ಪಂದದ ಮೇರೆಗೆ ಸೇವೆ ಕೊಡುವಾಗ ದೊರೆತ ವೈಯಕ್ತಿಕ ಮಾಹಿತಿಯನ್ನು, ಅನ್ಯಾಯದ ನಷ್ಟವನ್ನೋ ಲಾಭವನ್ನೋ ಉಂಟುಮಾಡುವ ಉದ್ದೇಶದಿಂದ, ಅಥವಾ ಹಾಗಾಗಬಹುದೆಂದು ತಿಳಿದೂ, ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಿದರೆ 3 ವರ್ಷದವರೆಗೆ ಸೆರೆವಾಸ ಮತ್ತು ಭಾರಿ ದಂಡಕ್ಕೆ ಅವಕಾಶವಿದೆ. ಇಲ್ಲಿ ಆ ಉದ್ದೇಶವನ್ನೋ ತಿಳಿವನ್ನೋ ಸಾಬೀತುಪಡಿಸಬೇಕಾಗುತ್ತದೆ. ಶಿರಸಿಯವರ ಫೋಟೊದಲ್ಲಿ ಅಂಥ ಉದ್ದೇಶವಿರಲಿಲ್ಲ. ನಿಮ್ಮ ಸಂದೇಶದಲ್ಲಾದರೋ ‘ಯಾರೂ ಮಾಲು ಕಳಿಸಬೇಡಿ’ ಎಂಬ ಮಾತು ನಿಮ್ಮ ಕೈಬರಹದಂತೆ ಉಳಿದುಬಿಟ್ಟಿದೆ. ಮೂರನೆಯದು, ‘ಮೋಸಗಾರ್ತಿ’ ಎಂಬ ಪದಕ್ಕೆ ಮಾನನಷ್ಟ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ 2 ವರ್ಷದವರೆಗೆ ಸಾದಾ ಸೆರೆವಾಸವಾಗಬಹುದು. ಪಾರ್ಸೆಲ್ ನಿರಾಕರಿಸುವುದು ನಿಮಗೆ ನಷ್ಟ ತಂದಿರಬಹುದು, ಅಷ್ಟರಿಂದಲೇ ಅದು ಮೋಸವಾಗುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಎಲ್ಲರೂ ತಿಳಿದಿರಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಮಾಹಿತಿಯನ್ನು ಕಾಪಾಡುವ ಕ್ರಮ ಕೈಗೊಳ್ಳದಿದ್ದರೆ ದಂಡದ ಮಿತಿ 250 ಕೋಟಿ ರೂಪಾಯಿ. ಈ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಯು ತಪ್ಪಿನ ಗಾತ್ರ ನೋಡಿ ದಂಡ ನಿರ್ಧರಿಸುವುದರಿಂದ ಸಣ್ಣ ವ್ಯಾಪಾರಿಗಳು ಆ ಅಂಕಿಗೆ ಎದೆಗುಂದಬೇಕಾಗಿಲ್ಲ, ಆದರೆ ಸಣ್ಣವರೆಂಬ ಕಾರಣಕ್ಕೆ ಹೊಣೆ ತಪ್ಪುವುದೂ ಇಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ನಮ್ಮ ನಾಡಿನವರು ಅಭಿಮಾನದಿಂದ ನೆನೆಯಬೇಕು.

ಈಗ ಮಾಡಬೇಕಾದದ್ದು: ಸಂದೇಶದ ಒಂದು ಪ್ರತಿಯನ್ನು ವಕೀಲರಿಗಾಗಿ ಇಟ್ಟುಕೊಂಡು, ಗ್ರೂಪಿನಲ್ಲಿರುವುದನ್ನು ಎಲ್ಲರಿಗೂ ಅನ್ವಯಿಸುವಂತೆ ಅಳಿಸಿರಿ. ಅಳಿಸುವ ಆಯ್ಕೆಯ ಅವಧಿ ಮುಗಿದಿದ್ದರೆ ಅಡ್ಮಿನ್ ಅವರಿಂದ ಅಳಿಸಿಸಿರಿ. ನೋಟಿಸಿಗೆ ಅದರಲ್ಲಿ ಹೇಳಿದ ಗಡುವಿನೊಳಗೆ ವಕೀಲರ ಮೂಲಕ ಉತ್ತರಿಸಿರಿ. ಆ ಗ್ರಾಹಕರಿಗೆ ಫೋನ್ ಮಾಡಿ ವಾದಿಸಬೇಡಿ.

ಮೈಸೂರಿನಿಂದ:

ಗೆಳತಿಯ ಹೊಸ ಅಂಗಡಿಗೆ ಸಹಾಯವಾಗಲೆಂದು ನನ್ನ ಗ್ರಾಹಕರ ಪಟ್ಟಿಯನ್ನು ನಾನು ಒಮ್ಮೆ ಕೊಟ್ಟಿದ್ದೆ. ‘ನನ್ನ ನಂಬರ್ ಇವರಿಗೆ ಹೇಗೆ ಸಿಕ್ಕಿತು?’ ಎಂದು ಹಳೆಯ ಗ್ರಾಹಕರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ವಾಪಸ್ ಬರುವ ಪಾರ್ಸೆಲ್‌ಗಳ ವಿಚಾರಕ್ಕೆ ಬಂದರೆ, ಹೊಸಬರಿಂದ 200 ರೂಪಾಯಿ ಮುಂಗಡ ಪಡೆಯಲು ಆರಂಭಿಸಿದ ಮೇಲೆ ನನಗೆ ಆ ತೊಂದರೆ ಬಹಳ ಕಡಿಮೆಯಾಗಿದೆ.

ಇಳಕಲ್‌ನಿಂದ, ಮತ್ತೆ:

ಎಲ್ಲರಿಗೂ ಕೃತಜ್ಞತೆಗಳು. ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ. ಇಬ್ಬರು ಅದನ್ನು ಬೇರೆ ಗ್ರೂಪಿಗೆ ಕಳಿಸಿದ್ದರೆಂದು ಕೇಳಿ ತಿಳಿದುಕೊಂಡು, ಅಲ್ಲಿಯೂ ತೆಗೆಸಿದೆ. ಸೋಮವಾರ ಬಾಗಲಕೋಟೆಯ ವಕೀಲರನ್ನು ಕಾಣುತ್ತೇನೆ. ಉತ್ತರದಲ್ಲಿ ಮೊದಲು ಕ್ಷಮೆ ಕೇಳಿ, ಕೊರಿಯರ್ ಖರ್ಚಿನ ಮಾತನ್ನೇ ಎತ್ತಬಾರದೆಂದು ನಿರ್ಧರಿಸಿದ್ದೇನೆ.