ಪದಚರ್ಚೆ: ಅಲಿಮನಿಗೆ ಕರಪತ್ರದಲ್ಲಿ ಏನು ಹಾಕಲಿ?

ಕುವೆಂಪುನಗರ, ಮೈಸೂರು:

ಸ್ವಲ್ಪ ಅರ್ಜೆಂಟು. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಹಂಚಲು ಎರಡು ಪುಟದ ಕರಪತ್ರ ಮಾಡುತ್ತಿದ್ದೇವೆ. ಗಂಡ ಹೆಂಡತಿ ಬೇರೆಯಾಗುವಾಗ, ಆದ ಮೇಲೆ, ಬದುಕಿನ ಖರ್ಚಿಗೆ ಕೋರ್ಟಿನಲ್ಲಿ ಏನು ಕೇಳಬಹುದು ಅನ್ನೋದು ವಿಷಯ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ಅಲಿಮನಿ, ಮೇಂಟೆನೆನ್ಸ್, ಸ್ಪೌಸಲ್ ಸಪೋರ್ಟ್ ಅಂತ ಮೂರಿವೆ. ನಾನು ಪರಿಹಾರಧನ, ನಿರ್ವಹಣೆ, ಮಾಸಾಶನ ಅಂತ ಹಾಕಿದ್ದೇನೆ. ನಡೆಯುತ್ತಾ?

ಮಂಡ್ಯ, ವಕೀಲ:

ಇಲ್ಲ. ಮೂರೂ ತಪ್ಪು. ಪರಿಹಾರ ಕೊಡೋದು ಅಪಘಾತಕ್ಕೆ, ಬೆಳೆ ಹಾನಿಗೆ. ನಿರ್ವಹಣೆ ರಸ್ತೆಗೆ, ನೀರಿನ ಟ್ಯಾಂಕಿಗೆ. ಮಾಸಾಶನ ಅಂದರೆ ಸರ್ಕಾರ ಕೊಡುವ ದುಡ್ಡು ಅಂದುಕೊಂಡು ಜನ ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಜೀವನಾಂಶ ಅಂತ ಹಾಕಿ, ಮುಗೀತು. ನಮ್ಮ ಅರ್ಜಿಗಳಲ್ಲೂ ಅದೇ, ಪೇಪರಿನಲ್ಲೂ ಅದೇ.

ಸರಸ್ವತಿಪುರಂ, ಮೈಸೂರು:

ಮುಗಿಯಲಿಲ್ಲ. ಜೀವನವೂ ಸಂಸ್ಕೃತ, ಅಂಶವೂ ಸಂಸ್ಕೃತ. ಹಳಗನ್ನಡದಲ್ಲಿ ಪೊರೆ ಅಂದರೆ ಸಾಕು, ಸಲಹು. ಪಕಾರ ಹಕಾರವಾಗಿ ಹೊರೆ ಆಯಿತು. ‘ಹೊರೆಪಾಲು’ ಅಂತ ಯಾಕೆ ಬೇಡ? ಇಂಥ ಕರಪತ್ರದಲ್ಲೂ ಕನ್ನಡದ ಬೇರು ಹಿಡಿಯದಿದ್ದರೆ ಇನ್ನೆಲ್ಲಿ ಹಿಡಿಯೋದು?

ಮಂಡ್ಯ, ವಕೀಲ:

ಇಲ್ಲಿ ಹೊರೆ ಅಂದರೆ ಹುಲ್ಲಿನ ಹೊರೆ, ಸೌದೆ ಹೊರೆ. ಬಿಟ್ಟುಹೋದ ಹೆಣ್ಣುಮಗಳು ತವರಿಗೆ ಹೊರೆ ಅನ್ನೋ ಮಾತನ್ನು ಅವಳು ದಿನಾ ಕೇಳಿಸಿಕೊಳ್ಳುತ್ತಾಳೆ. ಅದೇ ಪದವನ್ನು ಅವಳ ಹಕ್ಕಿಗೆ ಇಡಬೇಡಿ. ಬೇರಿನ ಮಾತಿಗೆ ಬಂದರೆ ವಕೀಲ, ಅರ್ಜಿ, ಜಾಮೀನು, ತಕರಾರು ಎಲ್ಲವೂ ಅರಬ್ಬಿ, ಪಾರಸಿ ಕಡೆಯಿಂದ ಬಂದವು. ಇವನ್ನೆಲ್ಲ ತೆಗೆದರೆ ಕೋರ್ಟಿನಲ್ಲಿ ಬಾಯಿ ತೆರೆಯೋದೇ ಕಷ್ಟ.

ಸರಸ್ವತಿಪುರಂ, ಮೈಸೂರು:

ಬಂದದ್ದನ್ನೆಲ್ಲ ಒಪ್ಪಿಕೊಳ್ಳಬೇಕು ಅಂತೇನಿಲ್ಲ. ಎರವಲು ಬೇರೆ, ಸೋಮಾರಿತನ ಬೇರೆ.

ಮದ್ದೂರು:

ಆ ಜಗಳ ಇನ್ನೊಂದು ದಿನ ಆಡೋಣ. ನನಗೆ ತೊಂದರೆ ಕಾಣೋದು ಅಂಶ ಅನ್ನೋ ತುದಿಯಲ್ಲಿ. ನಮ್ಮಲ್ಲಿ ಅದನ್ನು ಪಾಲು ಅಂತಲೇ ಕೇಳಿಸಿಕೊಳ್ಳುತ್ತಾರೆ. ‘ಜೀವನಾಂಶ ಬಂದರೆ ಗದ್ದೆಯಲ್ಲಿ ಎಷ್ಟು ಗುಂಟೆ ಬರುತ್ತೆ’ ಅಂತ ಕೇಳಿದವರಿದ್ದಾರೆ. ಇದು ಆಸ್ತಿಯ ಹಿಸ್ಸೆ ಅಲ್ಲ, ಬದುಕಿನ ಖರ್ಚಿಗೆ ಕೊಡುವ ಹಣ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ತಿಂಗಳು ತಿಂಗಳು ಕೊಡಿಸಬಹುದು, ಒಂದೇ ಗಂಟಾಗಿಯೂ ಕೊಡಿಸಬಹುದು. ಬೇಕಾದರೆ ಕೋರ್ಟು ಅದರ ಭದ್ರತೆಗೆ ಕೊಡುವವರ ಜಮೀನು, ಮನೆ ಮೇಲೆ ಭಾರ ಹಾಕಬಹುದು, ಅಂದರೆ ಅದನ್ನು ಆ ಹಣಕ್ಕೆ ಆಧಾರವಾಗಿ ಹಿಡಿಯಬಹುದು. ಹಾಗಂತ ಜಮೀನು ಇವರ ಹೆಸರಿಗೆ ಬರೋದಿಲ್ಲ.

ಇನ್ನು ಜೀವನಾಂಶದ ಹಿಂದೆ ಸೇರಿಸುವ ಮಧ್ಯಂತರ, ಶಾಶ್ವತ ಅನ್ನೋ ಎರಡು ಪದ. ವಕೀಲರು ದಿನಾ ಬರೆಯುತ್ತಾರೆ, ನಾನೂ ಓದಿದ್ದೇನೆ. ಆದರೆ ಶಾಶ್ವತ ಅನ್ನೋದು ಸುಳ್ಳು ಭರವಸೆ ಕೊಡುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಓದಿ ನೋಡಿ. ಪರಿಸ್ಥಿತಿ ಬದಲಾದರೆ ಮೊತ್ತ ಏರಿಸಬಹುದು, ಇಳಿಸಬಹುದು. ಪಡೆಯುವವರು ಮತ್ತೆ ಮದುವೆಯಾದರೆ ರದ್ದೂ ಮಾಡಬಹುದು. ಇದರಲ್ಲಿ ಶಾಶ್ವತ ಏನಿದೆ? 24ನೇ ಕಲಂ ಕೇಸು ನಡೆಯುತ್ತಿರುವಾಗಿನದು. ಅದರಲ್ಲಿ ಕೇಸಿನ ಖರ್ಚನ್ನೂ ಕೇಳಬಹುದು. ಎದುರು ಪಾರ್ಟಿಗೆ ನೋಟಿಸು ಮುಟ್ಟಿದ 60 ದಿನದೊಳಗೆ ಆದಷ್ಟೂ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲೇ ಇದೆ. ಹಾಗಾಗಿ ‘ಕೇಸು ನಡೆಯುವಾಗಿನ ಜೀವನಾಂಶ’, ‘ತೀರ್ಪಿನ ನಂತರದ ಜೀವನಾಂಶ’ ಅಂತ ಬಿಡಿಸಿ ಬರೆಯಿರಿ. ಉದ್ದ ಆಯಿತು, ಆಗಲಿ. ಓದಿದವರಿಗೆ ಅರ್ಥ ಆಗುತ್ತೆ ಅಲ್ವಾ?

ಮಂಡ್ಯ, ವಕೀಲ:

ಇದು ಸರಿ. ಶಾಶ್ವತ ಅನ್ನೋದನ್ನು ಪಕ್ಕದಲ್ಲಿ ಒಮ್ಮೆ ಕೊಡಿ, ಆದೇಶದ ಪ್ರತಿಯಲ್ಲಿ ಆ ಪದವೇ ಇರುತ್ತೆ. ಇನ್ನೊಂದು. ನಿಮ್ಮ ಕರಡಿನ ತಲೆಬರಹ ‘ಹೆಂಡತಿಯ ಹಕ್ಕು’ ಅಂತಿದ್ದರೆ ಬದಲಿಸಿ. 24, 25ನೇ ಕಲಂಗಳಲ್ಲಿ ಆದಾಯವಿಲ್ಲದ ಗಂಡನೂ ಕೇಳಬಹುದು. ಮ್ಯಾಜಿಸ್ಟ್ರೇಟರ ಮುಂದೆ ಹಾಕುವ ಅರ್ಜಿ ಬೇರೆ. ಮೊದಲು ಅದು ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ, 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ನೇ ಕಲಂ. ಅಲ್ಲಿ ಗಂಡ ಹೆಂಡತಿಯಿಂದ ಕೇಳೋಕೆ ಬರೋದಿಲ್ಲ. ಅದಕ್ಕೆ ಯಾವ ಧರ್ಮ ಅನ್ನೋದೂ ಮುಖ್ಯವಲ್ಲ. ವಿಚ್ಛೇದನ ಆಗಿ ಮರುಮದುವೆ ಆಗದ ಹೆಂಗಸೂ ಕೇಳಬಹುದು. ಹಳೇ 500 ರೂಪಾಯಿ ಮಿತಿ 2001ರಲ್ಲೇ ಹೋಯಿತು. ಅದನ್ನು ಇನ್ನೂ ನಂಬಿಕೊಂಡು ಅರ್ಜಿ ಹಾಕದೆ ಕೂತವರಿದ್ದಾರೆ, ದಪ್ಪಕ್ಷರದಲ್ಲಿ ಹಾಕಿ.

ಕುವೆಂಪುನಗರ, ಮೈಸೂರು:

ಬದಲಿಸಿದೆ. ‘ಅಫಿಡವಿಟ್ ಆಫ್ ಅಸೆಟ್ಸ್’ ಅನ್ನೋದಕ್ಕೆ ಏನು ಹಾಕಲಿ?

ಮದ್ದೂರು:

ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ. 2020ರಲ್ಲಿ ಸುಪ್ರೀಂ ಕೋರ್ಟು ಇಬ್ಬರೂ ಸಲ್ಲಿಸಬೇಕು ಅಂದಿದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು ಅಂದದ್ದೂ ಅದೇ ತೀರ್ಪು. ಈ ಎರಡನೇ ಮಾತನ್ನು ಬಿಡಬೇಡಿ.

ಸರಸ್ವತಿಪುರಂ, ಮೈಸೂರು:

ಪ್ರಮಾಣಪತ್ರ ಅಂದರೆ ಸರ್ಟಿಫಿಕೇಟು. ಆಣೆಪತ್ರ ಅನ್ನಿ.

ಮಂಡ್ಯ, ವಕೀಲ:

ಬೇಡ. ‘ಆಸ್ತಿ ವಿವರದ ಅಫಿಡವಿಟ್’ ಅನ್ನಿ. ಟೈಪಿಸ್ಟ್ ಹತ್ತಿರ ಹೋಗಿ ಅವರು ಕೇಳೋದು ಅದೇ ಪದ. ಕೊನೆಗೆ ಒಂದು ಸಾಲು ಸೇರಿಸಿ: ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೇಳುವ ಹಕ್ಕಿದೆ.