ಮಾವನ 1984ರ ಬೇಸ್ ಗಿಟಾರ್: ಪಿಕಪ್ ಬದಲಾಯಿಸಲೋ, ಹಾಗೇ ಬಿಡಲೋ?

ಆಲ್ದೂರು ಹುಡುಗ:

ಎಲ್ಲರಿಗೂ ನಮಸ್ಕಾರ. ನಂದು ಚಿಕ್ಕಮಗಳೂರು ಹತ್ರ ಆಲ್ದೂರು. ನಮ್ಮ ಸೋದರಮಾವ ಕಾಲೇಜಲ್ಲಿದ್ದಾಗ ಬ್ಯಾಂಡ್ ಕಟ್ಟಿದ್ರಂತೆ. ತೋಟ ನೋಡ್ಕೊಳ್ಳೋಕೆ ಅಂತ ಊರಿಗೆ ಬಂದ ಮೇಲೆ ಗಿಟಾರ್ ಮುಟ್ಟಲೇ ಇಲ್ಲ. ಹೋದ ತಿಂಗಳು ಅವರ ಮನೆ ಅಟ್ಟ ಖಾಲಿ ಮಾಡ್ತಿದ್ವಿ, ಹಳೇ ಗೋಣಿಚೀಲದ ರಾಶಿ ಹಿಂದೆ ಅವರ ಬೇಸ್ ಸಿಕ್ತು. "ನೀನೇ ಇಟ್ಕೊ, ಮಾರಬೇಡ" ಅಂದ್ರು, ಅಷ್ಟೇ.

ಜಪಾನಿನ ಐಬನೆಜ್ ಕಂಪನಿದು. ನಾಲ್ಕು ತಂತಿ, ತಂತಿಯ ಅದುರನ್ನ ಕರೆಂಟ್ ಸಿಗ್ನಲ್ ಮಾಡೋ ಪಿಕಪ್ ಒಂದೇ, ಅದೂ ಎರಡು ತುಂಡಿನದು, ಎರಡು ನಾಬ್. ಸೀರಿಯಲ್ ನಂಬರ್ ಎಚ್84 ಅಂತ ಶುರುವಾಗುತ್ತೆ. ಕೇಸಿನ ಒಳಗಿನ ಬಟ್ಟೆ ಬೂಷ್ಟು ಹಿಡಿದು, ತೆಗೆದರೆ ಮಳೆಗಾಲದ ಕಂಬಳಿ ವಾಸನೆ. ತಂತಿಗಳನ್ನ ಪೂರ್ತಿ ಸಡಿಲ ಮಾಡಿ ಇಟ್ಟಿದ್ರು. ನಾನು ಅದೇ ತಂತಿನ ಬಿಗಿ ಮಾಡಿ ಟ್ಯೂನ್ ಮಾಡಿದೆ.

ಈಗ ಕುತ್ತಿಗೆ ಮೇಲಿನ ಮೊದಲ ನಾಲ್ಕೈದು ಫ್ರೆಟ್‌ನಲ್ಲಿ (ಲೋಹದ ಅಡ್ಡಪಟ್ಟಿ) ಎಲ್ಲಿ ಒತ್ತಿದ್ರೂ ಗರಗರ ಅನ್ನುತ್ತೆ. ಸೌಂಡು ಸತ್ತ ಹಾಗಿದೆ, ದಪ್ಪ ತಂತಿಯಂತೂ ತಗಡು ಬಡಿದಂಗೆ. ನಾಬ್ ತಿರುಗಿಸಿದ್ರೆ ಕರಕರ. ಜೊತೆಗೆ ಒಂದೇ ಸಮ ಗುಂಯ್ ಅಂತ ಸದ್ದು. ಬೆಂಗಳೂರಲ್ಲಿ ಒಂದು ಅಂಗಡಿಯವರಿಗೆ ಫೋಟೋ ಕಳಿಸಿದ್ದಕ್ಕೆ ಹೊಸ ಪಿಕಪ್, ಆ್ಯಕ್ಟಿವ್ ಪ್ರಿಆಂಪ್ (ಗಿಟಾರ್ ಒಳಗೇ ಕೂರೋ, ಬ್ಯಾಟರಿಯಲ್ಲಿ ಸೌಂಡ್ ಏರಿಸೋ ಸರ್ಕ್ಯೂಟ್), ಬಣ್ಣ ಎಲ್ಲ ಸೇರಿ 28,000 ಆಗುತ್ತೆ ಅಂದ್ರು. ನನ್ನ ಹತ್ರ ಅಷ್ಟಿಲ್ಲ. ಇದ್ರೂ ಮಾಡಿಸಬೇಕಾ? ಗಣಪತಿ ಹಬ್ಬಕ್ಕೆ ನಮ್ಮೂರ ಹುಡುಗರ ಜೊತೆ ನುಡಿಸೋ ಆಸೆ ಇದೆ.

ಖಾಲಿ ಜೇಬು:

ಮಾವನ ಮಾತು ಮೀರೋ ಮನಸ್ಸಾದ್ರೆ ಮೊದಲು ನನಗೊಂದು ಮೆಸೇಜ್ ಹಾಕಿ. ಈಗಿರೋ ಸ್ಥಿತಿಯಲ್ಲೇ ತಗೋತೀನಿ, ಬೂಷ್ಟು ಸಮೇತ.

ಬೇಸಣ್ಣ ಹಾಸನ:

ತಮ್ಮಾ, 28,000 ಅಲ್ಲ, 28 ರೂಪಾಯಿನೂ ಈಗಲೇ ಖರ್ಚು ಮಾಡಬೇಡ. ನಿನ್ನ ಗಿಟಾರಿಗೆ ಆಗಿರೋದು ಕಾಯಿಲೆ ಅಲ್ಲ, ಹಸಿವು.

ನಂಬರ್‌ನ ಅರ್ಥ ಹೇಳ್ತೀನಿ ಕೇಳು. ಆ ಕಾಲದ ಜಪಾನ್ ಐಬನೆಜ್‌ಗಳಲ್ಲಿ ಮೊದಲಿನ ಅಕ್ಷರ ತಿಂಗಳು. ಎ ಅಂದ್ರೆ ಜನವರಿ, ಎಲ್ ಅಂದ್ರೆ ಡಿಸೆಂಬರ್. ಪಕ್ಕದ ಎರಡು ಅಂಕಿ ವರ್ಷ. ನಿಂದು 1984ರ ಆಗಸ್ಟ್. ಒಳ್ಳೇ ಕೆಲಸಗಾರರು ಮಾಡಿದ ಮಾಲು ಅದು. ಹಳೇದು ಅಂತ ಮೂಗು ಮುರಿಯಬೇಡ.

ಈಗ ಗರಗರ. ಕುತ್ತಿಗೆ ಒಳಗೆ ಒಂದು ಕಬ್ಬಿಣದ ಕಂಬಿ ಇರುತ್ತೆ, ಟ್ರಸ್ ರಾಡ್. ತಂತಿ ಕುತ್ತಿಗೆನ ಮುಂದಕ್ಕೆ ಎಳೆಯುತ್ತೆ, ಕಂಬಿ ಹಿಂದಕ್ಕೆ ಎಳೆಯುತ್ತೆ. ನಿಮ್ಮ ಮಾವ ಪಾಪ ಒಳ್ಳೇದಕ್ಕೇ ಅಂತ ತಂತಿ ಸಡಿಲ ಬಿಟ್ರು, ಕಂಬಿ ಮಾತ್ರ ಬಿಗಿಯಾಗೇ ಉಳೀತು. ಇಷ್ಟು ವರ್ಷ ಎದುರಾಳಿ ಇಲ್ಲದೆ ಎಳೆದೂ ಎಳೆದೂ ಕುತ್ತಿಗೆ ಹಿಂದಕ್ಕೆ ಬಾಗಿರುತ್ತೆ. ಹಾಗಾದಾಗ ಮೊದಲ ಫ್ರೆಟ್‌ಗಳಲ್ಲೇ ಸದ್ದು ಬರೋದು.

ನೋಡೋದು ಹೀಗೆ. ಟ್ಯೂನ್ ಮಾಡಿ ಇಟ್ಕೊ. ದಪ್ಪ ತಂತಿನ ಒಂದನೇ ಫ್ರೆಟ್‌ನಲ್ಲೂ ಕಟ್ಟಕಡೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿ. ಏಳು-ಎಂಟನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು, ಸುಮಾರು 0.3 ಮಿಲಿಮೀಟರ್. ಬೈಕ್ ಮೆಕ್ಯಾನಿಕ್ ಹತ್ರ ವಾಲ್ವ್ ಸಂದು ನೋಡೋ ಫೀಲರ್ ಗೇಜ್ ಇರುತ್ತೆ, ಒಂದು ಟೀ ಕುಡಿಸಿ ಇಸ್ಕೊಂಡು ಬಾ. ಸಂದೇ ಇಲ್ಲ ಅಂದ್ರೆ ಕಂಬಿಯ ನಟ್ಟನ್ನ ಗಡಿಯಾರದ ಉಲ್ಟಾ ದಿಕ್ಕಿಗೆ ಕಾಲು ಸುತ್ತು ಸಡಿಲಿಸು. ಕಾಲು ಸುತ್ತು ಅಷ್ಟೇ. ಮತ್ತೆ ಟ್ಯೂನ್ ಮಾಡಿ ಒಂದು ರಾತ್ರಿ ಬಿಡು, ಬೆಳಿಗ್ಗೆ ನೋಡು. ಮರಕ್ಕೆ ಅವಸರ ಇಲ್ಲ. ನಟ್ಟು ಗಟ್ಟಿ ಹಿಡಿದಿದ್ರೆ ಜಗ್ಗಾಡಬೇಡ. ಕಂಬಿ ಮುರಿದ್ರೆ ಕಥೆ ಮುಗೀತು.

ಸತ್ತ ಸೌಂಡಿಗೆ ಹೊಸ ತಂತಿ ಹಾಕು, 45-105 ಸೆಟ್ (ಅದು ತಂತಿ ದಪ್ಪದ ಅಳತೆ). ದುಡ್ಡಿಲ್ವಾ? ನಾವು ರಸಮಂಜರಿ ಕಾರ್ಯಕ್ರಮಗಳಿಗೆ ಹೋಗ್ತಿದ್ದ ಕಾಲದಲ್ಲಿ ಬೇಸ್ ತಂತಿ ಹಾಸನದಲ್ಲಿ ಸಿಗ್ತಿರಲಿಲ್ಲ. ತಂತಿ ಬಿಚ್ಚಿ ಸುರುಳಿ ಸುತ್ತಿ ಕುದಿಯೋ ನೀರಿಗೆ ಹಾಕ್ತಿದ್ವಿ. ಹತ್ತು ನಿಮಿಷಕ್ಕೆ ನೀರು ಕಲಗಚ್ಚಿನ ಬಣ್ಣಕ್ಕೆ ತಿರುಗೋದು, ಅಷ್ಟು ಬೆವರು-ಕೊಳೆ ಸುತ್ತಿನೊಳಗೆ ಕೂತಿರುತ್ತೆ. ತೆಗೆದು ಒರೆಸಿ ಪೂರ್ತಿ ಒಣಗಿಸಿ ಹಾಕಿದ್ರೆ ನಾಲ್ಕೈದು ಕಾರ್ಯಕ್ರಮಕ್ಕೆ ಟಣ್ ಅನ್ನೋದು. ನಮ್ಮಮ್ಮ ಒಂದು ಸಲ ಅನ್ನದ ಪಾತ್ರೆಯಲ್ಲಿ ಇದನ್ನ ನೋಡಿ ಪಾತ್ರೆ ಸಮೇತ ಹಿತ್ತಲಿಗೆ ಎಸೆದ್ರು. ನೀನು ಹಳೇ ಡಬ್ಬ ಹುಡುಕ್ಕೊ. ತುಕ್ಕು ಹಿಡಿದಿದ್ರೆ ಮಾತ್ರ ಕುದಿಸಿ ಲಾಭ ಇಲ್ಲ, ಎಸಿ.

ಇನ್ನೊಂದು. ನುಡಿಸ್ತಿರೋದು ಯಾವುದರಲ್ಲಿ? ಎಲ್ಲೂ ಒತ್ತದೆ ಮೀಟಿದ್ರೆ ದಪ್ಪ ತಂತಿ ಸುಮಾರು 41 ಹರ್ಟ್ಜ್, ತುಂಬಾ ತಗ್ಗಿನ ಸ್ವರ. ಆರು ಇಂಚು ಸ್ಪೀಕರಿನ ಗಿಟಾರ್ ಆಂಪ್ ಡಬ್ಬದಲ್ಲಿ ಅದು ಬರೋದೇ ಇಲ್ಲ. ತಗಡು ಸದ್ದಿಗೆ ಅರ್ಧ ಕಾರಣ ಅಲ್ಲೇ ಇರಬಹುದು.

ಪಿಕಪ್ ವಿಷಯಕ್ಕೆ ನನ್ನ ಕರ್ಮದ ಕಥೆ ಹೇಳ್ಲೇಬೇಕು. 1993. ನನ್ನ ಹತ್ರನೂ ಜಪಾನಿಂದೇ ಒಂದು ಸೆಕೆಂಡ್ ಹ್ಯಾಂಡ್ ಬೇಸ್ ಇತ್ತು, ಒಂದೇ ಪಿಕಪ್. ಎರಡು ಇದ್ರೆ ಚೆನ್ನ ಅಂತ ಯಾರೋ ತಲೆಗೆ ತುಂಬಿದ್ರು. ಬ್ರಿಡ್ಜ್ (ತಂತಿಗಳ ಕೆಳತುದಿ ಕೂರೋ ಲೋಹದ ಭಾಗ) ಪಕ್ಕ ಇನ್ನೊಂದು ಕೂರಿಸೋಣ ಅಂತ ನಮ್ಮ ಬೀದಿ ಆಚಾರ್ರ ಹತ್ರ ಹೋದೆ. ಅವರು ಬಾಗಿಲಿಗೆ ಬೀಗ ಕೂರಿಸೋ ಹಾಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಎರಡು ಏಟು ಹಾಕಿದ್ರು. ಅಡಿಕೆ ಗಾತ್ರದ ಬಣ್ಣ ಎಗರಿ ನನ್ನ ಕಾಲ ಹತ್ರ ಬಿತ್ತು. ಆ ಚೂರನ್ನ ಎತ್ತಿ ಜೇಬಲ್ಲಿಟ್ಕೊಂಡೆ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಆಚಾರ್ರ ತಪ್ಪೇನಿಲ್ಲ, ಗೆರೆ ಎಳೆದು ಕೊಟ್ಟವನು ನಾನು. ಆ ಗೆರೆಯೇ ಸೊಟ್ಟ. ಸಣ್ಣ ತಂತಿ ಪಿಕಪ್ಪಿನ ಆಚೆ ಹೋಯ್ತು, ಉಳಿದ ಮೂರೂ ಜೋರು, ಅದೊಂದು ಮಾತ್ರ ಪಿಸುಪಿಸು. ಮರದ ಪುಡಿಗೆ ಫೆವಿಕಾಲ್ ಕಲಸಿ ಗುಂಡಿ ಮುಚ್ಚಿದೆ. ಮಾರೋಕೆ ಹೋದಾಗ ತಗೊಳ್ಳೋನು ಏನೂ ಮಾತಾಡಲಿಲ್ಲ, ಆ ತೇಪೆ ಮೇಲೆ ಹೆಬ್ಬೆರಳು ಇಟ್ಟು ನನ್ನ ಮುಖ ನೋಡಿದ. ಅರ್ಧ ಬೆಲೆಗೆ ಕೊಟ್ಟು ಬಂದೆ. ಅಷ್ಟೊತ್ತಿಗೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನವನ ಎಡಗೈಯೇ ನಮ್ಮ ಕೆಲಸ ಕಿತ್ಕೊಂಡಿತ್ತು, ಅದು ಬೇರೆ ಸಂಕಟ.

ಅದಕ್ಕೇ ಹೇಳೋದು, ಸ್ಕ್ರೂ ಬಿಚ್ಚಿ ವಾಪಸ್ ಹಾಕೋಕೆ ಆಗೋದನ್ನ ಏನು ಬೇಕಾದ್ರೂ ಮಾಡು. ಮರಕ್ಕೆ ಉಳಿ ಇಡಬೇಡ, ಬಣ್ಣ ಉಜ್ಜಬೇಡ. ಬಿಚ್ಚಿದ ಒಂದು ಸ್ಕ್ರೂನೂ ಕಳೀಬೇಡ. ಪ್ರಿಆಂಪ್ ಅಂತೂ ಬೇಡವೇ ಬೇಡ, ಮೂರನೇ ಹಾಡಿಗೆ ಬ್ಯಾಟರಿ ಸತ್ತು ಮರದ ಕೊರಡು ಹಿಡ್ಕೊಂಡು ನಿಂತವನು ನಾನು.

ಕಡೂರು ಸೋಲ್ಡರ್:

ಬೇಸಣ್ಣ ಪ್ರಿಆಂಪ್‌ಗೆ ಬೈದಿದ್ದು ಸ್ವಲ್ಪ ಜಾಸ್ತಿ ಆಯ್ತು. ಅದರಲ್ಲಿ ವೈರನ್ನ ಜಾಕ್‌ಗೆ ಚುಚ್ಚಿದ ಕೂಡಲೇ 9 ವೋಲ್ಟ್ ಬ್ಯಾಟರಿ ಚಾಲೂ ಆಗುತ್ತೆ. ರಾತ್ರಿಯಿಡೀ ವೈರ್ ಚುಚ್ಚಿಟ್ರೆ ಬ್ಯಾಟರಿ ಸಾಯದೆ ಇನ್ನೇನಾಗುತ್ತೆ ಅಣ್ಣಾ? ಆದ್ರೆ ಇವರಿಗೆ ಸದ್ಯಕ್ಕೆ ಅದು ಬೇಡ ಅನ್ನೋದನ್ನ ಒಪ್ತೀನಿ.

ಆಲ್ದೂರಿನವರೇ, ನಿಮ್ಮ ಗುಂಯ್ ಸದ್ದಿಗೆ ಪಿಕಪ್ ಕಾರಣ ಅಲ್ಲ ಅಂತ ನನ್ನ ಲೆಕ್ಕ. ಎರಡು ತುಂಡಿನ ಪಿಕಪ್‌ನ ಫೆಂಡರ್‌ನವರು 1957ರಲ್ಲಿ ಪ್ರಿಸಿಷನ್ ಬೇಸಿಗೆ ಹಾಕಿದ್ರು. ಒಂದು ತುಂಡಿಗೆ ಇನ್ನೊಂದು ಉಲ್ಟಾ ಇರೋದ್ರಿಂದ ಹೊರಗಿನ ಕರೆಂಟಿನ ಗುಂಯ್ ತಾನೇ ಹೊಡ್ಕೊಂಡು ಹೋಗುತ್ತೆ. ಆದ್ರೂ ಬರ್ತಿದೆ ಅಂದ್ರೆ ಗ್ರೌಂಡ್, ಅಂದ್ರೆ ಗಿಟಾರೊಳಗಿನ ಅರ್ಥ್ ಸಂಪರ್ಕ ನೋಡಬೇಕು. ತಂತಿ ಮುಟ್ಟಿ ನೋಡಿ, ಸದ್ದು ಕಡಿಮೆ ಆಗುತ್ತಾ? ಆಮೇಲೆ ವೈರಿನ ಪಿನ್ನಿನ ಲೋಹದ ಭಾಗ ಮುಟ್ಟಿ. ತಂತಿ ಮುಟ್ಟಿದಾಗ ಕಡಿಮೆಯಾಗದೆ ಪಿನ್ ಮುಟ್ಟಿದಾಗ ಆದ್ರೆ, ಬ್ರಿಡ್ಜಿನ ಕೆಳಗೆ ಹೋಗೋ ಗ್ರೌಂಡ್ ವೈರ್ ಕಿತ್ತಿದೆ ಅಂತಲೇ ಅರ್ಥ. ಐದು ರೂಪಾಯಿ ಕೆಲಸ. ಕೈಗೆ ಜುಂ ಅಂದ್ರೆ ಮಾತ್ರ ತಕ್ಷಣ ಬಿಡಿ, ಆಗ ದೋಷ ಗಿಟಾರಲ್ಲಿಲ್ಲ, ಆಂಪ್‌ನಲ್ಲೋ ಮನೆ ಅರ್ಥಿಂಗ್‌ನಲ್ಲೋ ಇದೆ. ತೋಟದ ಹಳೇ ಮನೆಗಳಲ್ಲಿ ಇದ್ದಲು-ಉಪ್ಪು ಹಾಕಿದ ಅರ್ಥಿಂಗ್ ಗುಂಡಿನ ಯಾರೂ ತಿರುಗಿ ನೋಡಿರಲ್ಲ. ಎಲೆಕ್ಟ್ರಿಷಿಯನ್ ಕರೆಸಿ.

ಕರಕರ ಅನ್ನೋ ನಾಬ್‌ಗೆ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಸಿಗೋ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೂವತ್ತು ಸಲ ತಿರುಗಿಸಿ. ತೆಂಗಿನೆಣ್ಣೆ ಬಿಡಬೇಡಿ, ನನ್ನ ಹತ್ರ ಹಾಗೆ ಮಾಡ್ಕೊಂಡು ಬಂದವರಿದ್ದಾರೆ. ವಾಲ್ಯೂಮ್ ಪೂರ್ತಿ ಇಟ್ಟು ಜಾಕ್‌ಗೆ ಮಲ್ಟಿಮೀಟರ್ ಹಿಡಿದಾಗ ಹತ್ತು ಕಿಲೋ ಓಮ್ ಆಸುಪಾಸು ತೋರಿಸಿದ್ರೆ ಪಿಕಪ್ ಗಟ್ಟಿಮುಟ್ಟಾಗಿದೆ. ಟೋನ್ ನಾಬ್ ಮೇಲಿನ ಕೆಪಾಸಿಟರ್‌ನಲ್ಲಿ 473 ಅಂತಿದ್ರೆ ಅದು 0.047 ಮೈಕ್ರೋಫ್ಯಾರಡ್, ಬೇಸಿಗೆ ಸರಿಯಾದದ್ದೇ. ಬದಲಾಯಿಸಬೇಡಿ.

ಬಾಳೂರು ತೋಟದವ:

ಫ್ರೆಟ್ ಕೂತಿರೋ ಹಲಗೆ ಕಪ್ಪು-ಕಂದು ಇದ್ರೆ ಅದು ನಮ್ಮ ಬೀಟೆ ಮರವೇ ಇರಬಹುದು ಮಾರಾಯ್ರೆ. ಇಲ್ಲಿಂದ ಹಡಗು ಹತ್ತಿದ ಮರ ಗಿಟಾರಾಗಿ ವಾಪಸ್ ನಮ್ಮ ಅಟ್ಟಕ್ಕೇ ಬಂದು ಬೂಷ್ಟು ಹಿಡಿಸ್ಕೊಂಡಿದೆ ಅಂದ್ರೆ ನಗು ಬರುತ್ತೆ. 2017ರಲ್ಲಿ ಬೀಟೆ ಜಾತಿಯ ಮರದ ವಾದ್ಯಗಳು ದೇಶ ದಾಟೋಕೂ ಕಾಗದಪತ್ರ ಕೇಳೋಕೆ ಶುರು ಮಾಡಿದ್ರು, 2019ರ ಕೊನೆಗೆ ವಾದ್ಯಗಳಿಗೆ ವಿನಾಯ್ತಿ ಸಿಕ್ತು. ಬೂಷ್ಟನ್ನ ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಲೆಮನ್ ಆಯಿಲ್ ನಾಲ್ಕು ಹನಿ. ನಿಂಬೆಹಣ್ಣಿನ ರಸ ಅಲ್ಲ! ನನ್ನ ತಮ್ಮ ಒಂದು ಸಲ ಹಿಂಡಿಬಿಟ್ಟಿದ್ದ. ಆ ಕೇಸ್‌ನ ಬಿಸಿಲಿಗೆ ಹಾಕಿ, ಬಿಸಿಲು ಬಂದ್ರೆ. ಗಿಟಾರ್ ಕೋಣೆಯೊಳಗೇ ಇರಲಿ.

ಆಲ್ದೂರು ಹುಡುಗ:

ಹತ್ತು ದಿನ ಆಯ್ತು, ಆಗಿದ್ದು ಹೇಳ್ತೀನಿ.

ಬೇಸಣ್ಣ, ಸಂದು ಇರಲೇ ಇಲ್ಲ, ತಂತಿ ಫ್ರೆಟ್‌ಗಳ ಮೇಲೆ ಮಲಗಿತ್ತು. ಕಾಲು ಸುತ್ತು ಬಿಟ್ಟೆ, ಮಾರನೇ ದಿನ ಇನ್ನೊಂದು ಸ್ವಲ್ಪ. ಈಗ ಫೀಲರ್ ಗೇಜಿನ 0.30 ಎಲೆ ಹಿಡಿದೂ ಹಿಡಿಯದ ಹಾಗೆ ತೂರುತ್ತೆ. ಗರಗರ ಹೋಯ್ತು, ಎರಡನೇ ಫ್ರೆಟ್‌ನಲ್ಲಿ ಮಾತ್ರ ಜೋರಾಗಿ ಮೀಟಿದ್ರೆ ಚೂರು ಇದೆ. ಮೆಕ್ಯಾನಿಕ್ ಟೀ ಕುಡಿಯಲ್ವಂತೆ, ಕಾಫಿ ಪುಡಿ ಕೇಳಿದ್ರು, ಅರ್ಧ ಕೆಜಿ ಹೋಯ್ತು.

ಕಡೂರಿನವರೇ, ನೀವು ಹೇಳಿದ್ದೇ. ಬ್ರಿಡ್ಜ್ ಬಿಚ್ಚಿದ್ರೆ ವೈರು ಹಸಿರು ಕಿಲುಬು ಹಿಡಿದು ಕೈಯಲ್ಲೇ ಪುಡಿಯಾಯ್ತು. ಹೊಸದು ಹಾಕಿದೆ, ಮನೆ ನಿಶ್ಶಬ್ದ. ಮೀಟರ್ 10.2 ತೋರಿಸ್ತು. ತಂತಿ ಕುದಿಸಲಿಲ್ಲ ಅಣ್ಣಾ, ತುಕ್ಕಿತ್ತು. ಹೊಸ ಸೆಟ್ ತರಿಸಿದೆ. ತಗಡು ಸದ್ದೂ ನೀವಂದ ಹಾಗೇ, ನನ್ನ ಡಬ್ಬದ್ದೇ. ಸ್ನೇಹಿತನ ಹತ್ತಿಂಚಿನ ಬೇಸ್ ಆಂಪ್‌ಗೆ ಹಾಕಿದ್ರೆ ಕಿಟಕಿ ಗಾಜು ಅದುರುತ್ತೆ.

ನಾಬ್‌ಗಳ ಹಿಂದೆ ಮರ ಕೊರೆದ ಗುಂಡಿ ಒಳಗೆ ಮಾವನ ಅಕ್ಷರದಲ್ಲಿ ಪೆನ್ಸಿಲ್‌ನಿಂದ "ವಾ, ಟೋ" (ವಾಲ್ಯೂಮ್, ಟೋನ್) ಅಂತ ಬರೆದು ಬಾಣ ಹಾಕಿದ್ದಾರೆ. ಅಂದ್ರೆ ಅವರೂ ಬಿಚ್ಚಿದ್ರು! ಕೇಳಿದ್ರೆ "ನಾನಲ್ಲ" ಅಂತಾರೆ. ನಿನ್ನೆ ಸಂಜೆ ನುಡಿಸ್ತಿದ್ದಾಗ ಅವರು ಜಗಲಿಗೆ ಬಂದು ಕೂತಿದ್ರು, ಸ್ವಲ್ಪ ಹೊತ್ತಾದ ಮೇಲೆ "ಮೂರನೇ ತಂತಿ ಇಳಿದಿದೆ" ಅಂದ್ರು. ನೋಡಿದ್ರೆ ನಿಜವಾಗ್ಲೂ ಇಳಿದಿತ್ತು.

ಆ ಎರಡನೇ ಫ್ರೆಟ್‌ಗೆ ಏನು ಮಾಡಲಿ ಹೇಳಿ?

ಬೇಸಣ್ಣ ಹಾಸನ:

ಏನೂ ಮಾಡಬೇಡ. ಮೆಲ್ಲಗೆ ಮೀಟು. ಮಳೆ ನಿಂತ ಮೇಲೆ ಮರ ಇನ್ನೊಂದು ಸಲ ಜರುಗುತ್ತೆ, ಆಗ ಗೇಜ್ ಹಿಡಿದು ಬಾ. ಕಾಫಿ ಪುಡಿ ನನಗೂ ಅರ್ಧ ಕೆಜಿ ಇರಲಿ, ಚಿಕೋರಿ ಬೇಡ.