ಬೆಂಗಳೂರಿನ ಹಳೇ ಚರ್ಚುಗಳನ್ನು ನಡೆದೇ ನೋಡಬೇಕು, ಎಲ್ಲಿಂದ ಶುರು ಮಾಡಲಿ?

ಮಲ್ಲೇಶ್ವರದವಳು:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಧಾರವಾಡದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು, ಹಳೇ ಕಟ್ಟಡ ಕಂಡರೆ ಅಲ್ಲೇ ನಿಂತುಬಿಡುತ್ತಾರೆ. ಈ ಸಲ ಅವರಿಗೆ ಚರ್ಚುಗಳನ್ನು ತೋರಿಸಬೇಕು ಅಂತ ಆಸೆ. ಗೈಡ್ ಜೊತೆ ಹೋಗುವ ಒಂದು ಹೆರಿಟೇಜ್ ವಾಕ್ ವಿಚಾರಿಸಿದೆ, ಅದರಲ್ಲಿ ಎಲ್ಲಾ ಇಂಗ್ಲಿಷ್‌ನಲ್ಲೇ ಹೇಳುತ್ತಾರಂತೆ, ಅಮ್ಮನಿಗೆ ಕಷ್ಟ ಆಗುತ್ತದೆ. ನಾವೇ ಹೋದರೆ ಒಳಗೆ ಬಿಡುತ್ತಾರಾ? ನಾವು ಕ್ರೈಸ್ತರಲ್ಲ. ಚಪ್ಪಲಿ ಬಿಡಬೇಕಾ? ಅಮ್ಮನಿಗೆ ಮಂಡಿನೋವು, ಒಂದೇ ಸಲಕ್ಕೆ ಜಾಸ್ತಿ ನಡೆಯೋಕೆ ಆಗಲ್ಲ.

ಶಿವಾಜಿನಗರದ ಓದುಗ:
ಖಂಡಿತ ಹೋಗಿ. ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿದು ಮೊದಲು ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ನೋಡಿ. 1808ರಲ್ಲಿ ಕಟ್ಟೋಕೆ ಶುರು ಮಾಡಿ 1812ಕ್ಕೆ ಮುಗಿಸಿದ್ದು, ಅಂದರೆ ಬ್ರಿಟಿಷರ ದಂಡು ಇಲ್ಲಿಗೆ ಬಂದು ನೆಲೆ ನಿಂತ ಕಾಲವೇ. 1923ರಲ್ಲಿ ಬೆಂಕಿ ಬಿದ್ದು ಹಾಳಾಯಿತು, 1927ಕ್ಕೆ ಮತ್ತೆ ಎದ್ದು ನಿಂತಿತು. ಅಲ್ಲಿಂದ ಕಬ್ಬನ್ ರೋಡಿನ ಸೇಂಟ್ ಆಂಡ್ರ್ಯೂಸ್ ಹತ್ತಿರವೇ. ಕೆಂಪು ಬಣ್ಣ, ಎತ್ತರದ ಗಡಿಯಾರದ ಗೋಪುರ, ದೂರದಿಂದಲೇ ಗುರುತು ಸಿಗುತ್ತದೆ. 1866ರಲ್ಲಿ ತೆರೆದದ್ದು, ಸ್ಕಾಟ್ಲೆಂಡಿನವರದು. ಅವರ ಆರಾಧನೆಯ ಕ್ರಮವೇ ಬೇರೆ, ಅದಕ್ಕೇ ಇಷ್ಟು ಹತ್ತಿರದಲ್ಲಿ ಇನ್ನೊಂದು ಚರ್ಚು.

ಆಮೇಲೆ ಆಟೋ ಹಿಡಿದು ಶಿವಾಜಿನಗರಕ್ಕೆ ಬನ್ನಿ. ಬಸ್ ಸ್ಟ್ಯಾಂಡ್ ಜನಜಂಗುಳಿಯಲ್ಲಿ ಅಮ್ಮನನ್ನು ನಡೆಸಬೇಡಿ. ಸೇಂಟ್ ಮೇರೀಸ್ ಬೆಸಿಲಿಕಾಗೆ ಮಾತ್ರ ಸಮಯ ಉಳಿಸಿಕೊಳ್ಳಿ. 1818ರಲ್ಲಿ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಇಲ್ಲಿ ಒಂದು ಪುಟ್ಟ ಪ್ರಾರ್ಥನಾಲಯ ಕಟ್ಟಿಸಿದರು. ಅವರು ಇಲ್ಲಿನವರ ಹಾಗೇ ಬಟ್ಟೆ ಉಟ್ಟು, ಇಲ್ಲಿನ ಊಟ ಉಂಡು ಬದುಕಿದವರು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸೋಕೆ ಓಡಾಡಿದವರು. ಈಗಿನ ಗೋಥಿಕ್ ಕಟ್ಟಡ 1882ರದ್ದು. ಒಳಗೆ ಮಾತೆ ಸೀರೆ ಉಟ್ಟು ನಿಂತಿದ್ದಾಳೆ. ಅಮ್ಮನಿಗೆ ಇಷ್ಟ ಆಗುತ್ತದೆ ನೋಡಿ. ಸೆಪ್ಟೆಂಬರ್ 8ರ ತೇರಿಗೆ ಎಲ್ಲಾ ಜಾತಿ ಧರ್ಮದವರೂ ಬರುತ್ತಾರೆ, ನಾನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ.

ಹಡ್ಸನ್ ಚರ್ಚಿನ ಮನೆಮಗಳು:
ಮೇಲಿನವರು ಹೇಳಿದ್ದು ಸರಿ, ಆದರೆ ಯಾರೇ ಪಟ್ಟಿ ಮಾಡಿದರೂ ಅದು ದಂಡು ಪ್ರದೇಶದಲ್ಲೇ ಮುಗಿದು ಹೋಗುತ್ತದೆ, ಇದು ನನಗೆ ಪ್ರತಿ ಸಲ ಬೇಜಾರು. ಪೇಟೆ ಕಡೆಯ ಕನ್ನಡ ಚರ್ಚುಗಳನ್ನು ಯಾರೂ ತೋರಿಸೋದೇ ಇಲ್ಲ. ನಿಮ್ಮ ಅಪ್ಪ ಧಾರವಾಡದವರು ಅಂದಿರಿ, ಬಾಸೆಲ್ ಮಿಶನ್ ಶಾಲೆ, ಕನ್ನಡ ನಿಘಂಟು ಮಾಡಿದ ಪಾದ್ರಿ ಕಿಟೆಲ್ ಎಲ್ಲಾ ಅವರಿಗೆ ಗೊತ್ತೇ ಇರುತ್ತದೆ. ಅದೇ ಕಥೆಯ ಬೆಂಗಳೂರು ಭಾಗ ಇಲ್ಲಿದೆ.

ಕಾರ್ಪೊರೇಷನ್ ಹತ್ತಿರದ ಕಲ್ಲಿನ ಚರ್ಚು ಬಸ್ಸಿನಿಂದ ಎಲ್ಲರೂ ನೋಡಿರುತ್ತಾರೆ, ಒಳಗೆ ಹೋದವರು ಕಮ್ಮಿ. ಅದೇ ಹಡ್ಸನ್ ಸ್ಮಾರಕ ದೇವಾಲಯ, 1904ರದ್ದು. ಜೋಸಾಯಾ ಹಡ್ಸನ್ ವೆಸ್ಲಿಯನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಮಿಷನರಿ, ಕನ್ನಡ ಶಾಲೆಗಳಿಗಾಗಿ ದುಡಿದವರು. ಅವಿನ್ಯೂ ರೋಡಿನಲ್ಲಿ ರೈಸ್ ಸ್ಮಾರಕ ಚರ್ಚು ಇದೆ, ಅಂಗಡಿಗಳ ನಡುವೆ, ಗೊತ್ತಿಲ್ಲದವರು ದಾಟಿಯೇ ಹೋಗುತ್ತಾರೆ. ಬೆಂಜಮಿನ್ ರೈಸ್ ಕನ್ನಡದಲ್ಲೇ ಉಪದೇಶ ಮಾಡಿದವರು. ಅವರ ಮಗ ಯಾರು ಗೊತ್ತಾ? ನಮ್ಮ ನಾಡಿನ ಸಾವಿರಾರು ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್. ಹುಟ್ಟಿದ್ದು ಇದೇ ಬೆಂಗಳೂರಲ್ಲಿ, 1837ರಲ್ಲಿ. ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ಬೇಕಾ?

ಭಾನುವಾರ ಬೆಳಿಗ್ಗೆ ಹಡ್ಸನ್‌ಗೆ ಕನ್ನಡ ಆರಾಧನೆಗೇ ಬನ್ನಿ. ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ, ಯಾರೂ ಏನೂ ಕೇಳಲ್ಲ. ನಮ್ಮಜ್ಜಿ ಓದೋಕೆ ಕಲಿತದ್ದೇ ಕನ್ನಡ ಕೀರ್ತನೆ ಪುಸ್ತಕ ಹಿಡಿದು, ಈಗಲೂ ಆ ಹಾಡು ಶುರುವಾದರೆ ನನಗೆ ಗಂಟಲು ಕಟ್ಟುತ್ತದೆ. ನಿಮ್ಮ ಅಮ್ಮನಿಗೆ ಒಂದೊಂದು ಮಾತೂ ಅರ್ಥ ಆಗುತ್ತದೆ.

ಕಾಲ್ನಡಿಗೆಯವನು:
ಎರಡು ವಿಷಯ ಸೇರಿಸುತ್ತೇನೆ. ನಾನು ಒಂದು ಶನಿವಾರ ಮಧ್ಯಾಹ್ನ ಸುಮ್ನೆ ಹೊರಟೆ, ಒಂದು ಕಡೆ ಮದುವೆ, ಇನ್ನೆರಡು ಕಡೆ ಬೀಗ. ಹಾಗಾಗಿ ಮುಂಚೆಯೇ ಚರ್ಚ್ ಆಫೀಸಿಗೆ ಫೋನ್ ಮಾಡಿ. ಬೀಗ ಇದ್ದರೂ ವಾಚ್‌ಮನ್ ಹತ್ತಿರ ಮರ್ಯಾದೆಯಿಂದ ಕೇಳಿ ನೋಡಿ. ಚಪ್ಪಲಿ ಹೆಚ್ಚಿನ ಕಡೆ ಹಾಕಿಕೊಂಡೇ ಹೋಗಬಹುದು, ಬಾಗಿಲ ಹೊರಗೆ ಬಿಟ್ಟಿದ್ದು ಕಂಡರೆ ನೀವೂ ಬಿಡಿ. ದೇವಸ್ಥಾನಕ್ಕೆ ಹೋಗುವ ಬಟ್ಟೆಯೇ ಸಾಕು. ಪೂಜೆ ನಡೆಯುವಾಗ ಫೋಟೋ ಬೇಡ, ಪರಮಪ್ರಸಾದ (ಪೂಜೆಯಲ್ಲಿ ಹಂಚುವ ರೊಟ್ಟಿ) ಕೊಡುವಾಗ ಸಾಲಿಗೆ ನಿಲ್ಲಬೇಡಿ, ಅದು ಅವರ ಸಂಸ್ಕಾರ.

ಗೈಡ್ ಬೇಡ ಅಂತ ಮಾತ್ರ ತೀರ್ಮಾನ ಮಾಡಬೇಡಿ. ಟ್ರಿನಿಟಿ ಚರ್ಚಿನ ಗೋಡೆ ತುಂಬಾ ಸ್ಮಾರಕ ಫಲಕಗಳು, ಊರು ಬಿಟ್ಟು ಬಂದು ಇಲ್ಲೇ ಮಣ್ಣಾದ ಸೈನಿಕರದ್ದು. ಓದಿ ಹೇಳುವವರು ಜೊತೆಗಿದ್ದರೆ ಒಂದು ಗೋಡೆಗೇ ಅರ್ಧ ಗಂಟೆ ಬೇಕು.

ಮಲ್ಲೇಶ್ವರದವಳು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅಪ್ಪನಿಗೆ ಫೋನಿನಲ್ಲಿ ರೈಸ್ ಚರ್ಚಿನ ವಿಷಯ ಹೇಳಿದೆ, ಅಲ್ಲಿಗೆ ಹೋಗಲೇಬೇಕು ಅಂದರು. ಭಾನುವಾರ ಹಡ್ಸನ್‌ನಲ್ಲಿ ಆರಾಧನೆ, ಅದು ಮುಗಿಸಿ ಆಟೋದಲ್ಲಿ ಅವಿನ್ಯೂ ರೋಡ್, ಅಲ್ಲಿ ಫುಟ್‌ಪಾತಿನ ಹಳೇ ಪುಸ್ತಕಗಳನ್ನೂ ನೋಡಬಹುದು. ಬೆಸಿಲಿಕಾ ಇನ್ನೊಂದು ದಿನ. @ಹಡ್ಸನ್ ಚರ್ಚಿನ ಮನೆಮಗಳು, ಆರಾಧನೆ ಎಷ್ಟು ಗಂಟೆಗೆ ಅಂತ ಹೇಳ್ತೀರಾ ಅಕ್ಕಾ?